ಯೂಟ್ಯೂಬಿಗೆ ಹಾಕಿದ ಹಾಡುಗಳ ಮೇಲೆ ಸ್ಟ್ರೈಕ್, ಕ್ಲೇಮ್: ಸಂಗೀತಗಾರರ ಹಕ್ಕೇನು, ಅಪಾಯವೇನು?

ಹೇಮಾವತಿ_ಸ್ವರ (ಹಾಸನ), ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಸುಗಮ ಸಂಗೀತದ ತರಗತಿ ನಡೆಸುತ್ತಿದ್ದೇನೆ. ಮಕ್ಕಳು ಹಾಡಿದ್ದನ್ನೂ ನಮ್ಮ ತಂಡದ ಕಾರ್ಯಕ್ರಮಗಳನ್ನೂ ಯೂಟ್ಯೂಬ್ ಚಾನೆಲ್ಲಿಗೆ ಹಾಕುತ್ತ ಬಂದಿದ್ದೇವೆ. ಈಗ ಒಂದರ ಹಿಂದೆ ಒಂದು ತಕರಾರು ಬರುತ್ತಿರುವುದರಿಂದ ತಿಳಿದವರ ಸಲಹೆ ಬೇಕಾಗಿದೆ.

ಮೊದಲನೆಯದು, ವಿದ್ಯಾರ್ಥಿನಿಯೊಬ್ಬಳು ಕರೋಕೆ ಟ್ರ್ಯಾಕಿಗೆ ಹಾಡಿದ ಚಿತ್ರಗೀತೆ. ಟ್ರ್ಯಾಕನ್ನು ದುಡ್ಡು ಕೊಟ್ಟೇ ಕೊಂಡಿದ್ದೆವು. ವಿಡಿಯೊದ ಕೆಳಗೆ ‘ಹಕ್ಕುಗಳೆಲ್ಲ ಮೂಲ ಕಂಪನಿಯವರವು, ಇದು ಕೇವಲ ಮನರಂಜನೆಗಾಗಿ’ ಎಂದು ಬರೆದೂ ಇದ್ದೆವು. ಆದರೂ ಆಡಿಯೊ ಕಂಪನಿಯೊಂದು ಸ್ಟ್ರೈಕ್ (ಹಕ್ಕು ಉಲ್ಲಂಘನೆಯ ದೂರು) ಕೊಟ್ಟು ವಿಡಿಯೊ ತೆಗೆಸಿದೆ. ಎರಡನೆಯದು, ಸಾಹಿತ್ಯವೂ ರಾಗ ಸಂಯೋಜನೆಯೂ ನನ್ನದೇ ಆದ ಒಂದು ಗೀತೆ. ಅದರ ಮೇಲೆ, ಹಾಡುಗಳನ್ನು ಜಾಲತಾಣಗಳಿಗೆ ತಲುಪಿಸುವ, ನಾನು ಹೆಸರನ್ನೇ ಕೇಳಿರದ ವಿತರಕ ಸಂಸ್ಥೆಯೊಂದು ಕ್ಲೇಮ್ ಹಾಕಿ ಜಾಹೀರಾತಿನ ಹಣ ತನಗೆ ಸೇರಬೇಕೆನ್ನುತ್ತಿದೆ. ಮೂರನೆಯದು, ಆಲೂರು ಕಡೆಯ ಹಳ್ಳಿಯೊಂದರಲ್ಲಿ ಹಿರಿಯರೊಬ್ಬರು ಹೇಳಿದ ಸೋಬಾನೆ ಪದಗಳು ನನ್ನ ಮೊಬೈಲಿನಲ್ಲಿವೆ. ಅವರ ದನಿಯನ್ನು ಹಾಗೆಯೇ ಉಳಿಸಿಕೊಂಡು ವಾದ್ಯ ಸೇರಿಸಿ ಪ್ರಕಟಿಸಬಹುದೇ? ಹಾಗೆಯೇ, ತೀರಿಕೊಂಡ ಕವಿಗಳ ಭಾವಗೀತೆಗಳಿಗೂ ಅನುಮತಿ ಬೇಕೇ? ಕೇಸಾದರೆ ಜಾಮೀನೂ ಸಿಗುವುದಿಲ್ಲ ಎಂದು ಪರಿಚಿತರೊಬ್ಬರು ಹೆದರಿಸಿದ್ದಾರೆ. ಪೋಷಕರಿಗೆ ಏನು ಹೇಳಲಿ ಎಂಬುದೇ ಚಿಂತೆಯಾಗಿದೆ.

ಗಿರಿಸೀಮೆ_ವಕೀಲ (ಚಿಕ್ಕಮಗಳೂರು), ಉತ್ತರ:

ಮಾನ್ಯರೇ, ನಿಮ್ಮ ಪ್ರಶ್ನೆಯಲ್ಲಿ ಬೇರೆ ಬೇರೆ ಹಕ್ಕುಗಳು ಕಲಸಿಹೋಗಿವೆ; ಅವನ್ನು ಬಿಡಿಸಿಕೊಂಡರೆ ಅರ್ಧ ಗೊಂದಲ ತೀರುತ್ತದೆ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಲೆಕ್ಕದಲ್ಲಿ ಒಂದು ಹಾಡೆಂದರೆ ಮೂರು ಪ್ರತ್ಯೇಕ ಸ್ವತ್ತುಗಳು: ಸಾಹಿತ್ಯ ಕವಿಯದು, ಸ್ವರ ಸಂಯೋಜನೆ ಸಂಯೋಜಕರದು, ಧ್ವನಿಮುದ್ರಣ ಅದರ ನಿರ್ಮಾಪಕರದು. ಇವಲ್ಲದೆ ಹಾಡಿದವರಿಗೂ ನುಡಿಸಿದವರಿಗೂ ಕಲಾವಿದರ ಹಕ್ಕು ಬೇರೆಯಾಗಿಯೇ ಇದೆ. ಒಂದಕ್ಕೆ ಅನುಮತಿ ಸಿಕ್ಕ ಮಾತ್ರಕ್ಕೆ ಉಳಿದವಕ್ಕೂ ಸಿಕ್ಕಿದಂತೆ ಆಗುವುದಿಲ್ಲ.

ಭಾವಗೀತೆಗಳ ವಿಷಯದಲ್ಲಿ ನಮ್ಮ ಕಡೆಯ ತಂಡಗಳು ಎಡವುವುದು ಇಲ್ಲಿಯೇ. ಕವಿಯ ಹಕ್ಕು ಅವರ ಜೀವಿತಾವಧಿಗೂ, ನಿಧನರಾದ ವರ್ಷ ಮುಗಿದ ಮೇಲಿನ 60 ವರ್ಷಗಳಿಗೂ ಇರುತ್ತದೆ. ಬಿ.ಎಂ.ಶ್ರೀ ಅವರು 1946ರಲ್ಲಿ ತೀರಿಕೊಂಡದ್ದರಿಂದ ಅವರ ಕವಿತೆಗಳು 2007ರಿಂದ ಎಲ್ಲರಿಗೂ ಮುಕ್ತ. 1963ರಲ್ಲಿ ನಿಧನರಾದ ಗೋವಿಂದ ಪೈಗಳವು 2024ರ ಆರಂಭದಿಂದ ಮುಕ್ತವಾಗಿವೆ. ನಮ್ಮದೇ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರು ನಿಧನರಾದದ್ದು 1994ರಲ್ಲಿ. ಆದ್ದರಿಂದ ಅವರ ಸಾಹಿತ್ಯದ ಹಕ್ಕು 2054ರ ಕೊನೆಯವರೆಗೆ ವಾರಸುದಾರರದು ಅಥವಾ ಅವರಿಂದ ಪಡೆದವರದು. ಇನ್ನು ಮುಕ್ತವಾದ ಕವಿತೆಯನ್ನೇ ಆರಿಸಿಕೊಂಡರೂ ಅದಕ್ಕೆ ಜನಪ್ರಿಯವಾಗಿರುವ ಧಾಟಿ ಮುಕ್ತವಾಗಿರಬೇಕೆಂದಿಲ್ಲ. 2009ರಲ್ಲಿ ತೀರಿಕೊಂಡ ಸಿ. ಅಶ್ವತ್ಥ್ ಅವರ ಸಂಯೋಜನೆಗಳಿಗೆ 2069ರ ಕೊನೆಯವರೆಗೆ ರಕ್ಷಣೆಯಿದೆ. ಮುಕ್ತ ಕವಿತೆಯನ್ನು ಆಯ್ದು ನೀವೇ ಹೊಸದಾಗಿ ಸಂಯೋಜಿಸಿದರೆ ಆ ಸಂಯೋಜನೆಯ ಹಕ್ಕು ನಿಮ್ಮದಾಗುತ್ತದೆ. ಹಾಡು ಹೇಳಿಕೊಡುವವರು ಈ ಕೆಲಸವನ್ನು ಇನ್ನಷ್ಟು ಮಾಡಬೇಕೆಂಬುದು, ಕೇಳದಿದ್ದರೂ ಹೇಳುವ ನನ್ನ ಅಭಿಪ್ರಾಯ.

ಕರೋಕೆ ಮಾರಿದವರು ನಿಮಗೆ ಫೈಲ್ ಕೊಟ್ಟರೇ ಹೊರತು, ಆ ಧಾಟಿಯನ್ನೂ ಸಾಹಿತ್ಯವನ್ನೂ ಸಾರ್ವಜನಿಕರಿಗೆ ತಲುಪಿಸುವ ಹಕ್ಕನ್ನು ಕೊಡಲಿಲ್ಲ. ಅದು ಅವರಲ್ಲಿಯೂ ಬಹುಶಃ ಇರಲಿಲ್ಲ. ವಿಡಿಯೊದ ಕೆಳಗೆ ಬರೆದ ಒಕ್ಕಣೆಗೆ ಕಾನೂನಿನಲ್ಲಿ ಬೆಲೆಯಿಲ್ಲ. ಹಕ್ಕು ಬೇರೆಯವರದೆಂದು ತಿಳಿದೇ ಹಾಕಿದ್ದೀರಿ ಎಂಬುದಕ್ಕೆ ಎದುರಿನ ವಕೀಲರು ಅದನ್ನೇ ತೋರಿಸಿಯಾರು. ಕವರ್ ಹಾಡುಗಳಿಗೆಂದು (ಬೇರೆಯವರ ಹಾಡನ್ನು ಮತ್ತೆ ಹಾಡಿ ಮುದ್ರಿಸಿದವು) 2012ರ ತಿದ್ದುಪಡಿ 31ಸಿ ಕಲಮನ್ನು ಸೇರಿಸಿತಾದರೂ ಅದು ಧ್ವನಿಮುದ್ರಣಕ್ಕೆ ಮಾತ್ರ ಅನ್ವಯಿಸುತ್ತದೆ, ವಿಡಿಯೊಗಲ್ಲ. ಅದರಲ್ಲಿಯೂ ಮೊದಲ ಧ್ವನಿಮುದ್ರಣವಾಗಿ ಐದು ಕ್ಯಾಲೆಂಡರ್ ವರ್ಷ ಕಳೆದಿರಬೇಕು, ಮುಂಗಡ ನೋಟಿಸು ಕೊಡಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಲ್ಟಿ ಕಟ್ಟಬೇಕು. ಸಂಗೀತ ತರಗತಿಯೊಂದಕ್ಕೆ ಇದು ಎಟುಕುವ ದಾರಿಯಲ್ಲ.

ಸೋಬಾನೆ ಪದಗಳಿಗೆ ಕರ್ತೃವೆಂದು ಯಾರೂ ಇಲ್ಲ; ಪರಂಪರೆಯಿಂದ ಬಂದ ಪದವನ್ನು ಯಾರಾದರೂ ಹಾಡಬಹುದು. ಆದರೆ ನಿಮ್ಮ ಮೊಬೈಲಿನಲ್ಲಿರುವುದು ಆ ಹಿರಿಯರ ಗಾಯನ. 38ನೆಯ ಕಲಮಿನಂತೆ ಅದರ ಮೇಲೆ ಅವರಿಗೆ 50 ವರ್ಷಗಳ ಕಲಾವಿದರ ಹಕ್ಕಿದೆ, ಹಾಡಿದವರೆಂದು ಗುರುತಿಸಿಕೊಳ್ಳುವ ಹಕ್ಕೂ ಇದೆ. ವಾದ್ಯ ಸೇರಿಸಿ ಪ್ರಕಟಿಸುವ ಮುನ್ನ ಅವರಿಗೆ ವಿಷಯವನ್ನು ಓದಿ ಹೇಳಿ, ಮನೆಯವರೊಬ್ಬರ ಸಾಕ್ಷಿಯೊಂದಿಗೆ ಸಹಿ ಅಥವಾ ಹೆಬ್ಬೆಟ್ಟು ಪಡೆಯಿರಿ. ಹಣ ಬಂದರೆ ಅವರಿಗೆಷ್ಟು ಎಂಬುದೂ ಆ ಕಾಗದದಲ್ಲಿರಲಿ. ಪ್ರಕಟಿಸುವಾಗ ಅವರ ಹೆಸರು ನಿಮ್ಮ ಹೆಸರಿಗಿಂತ ಮೊದಲು ಬರಲಿ.

ಜೈಲಿನ ಮಾತು ಪೂರ್ತಿ ಸುಳ್ಳೂ ಅಲ್ಲ. 63ನೆಯ ಕಲಮಿನಡಿ ತಿಳಿದೂ ಹಕ್ಕು ಉಲ್ಲಂಘಿಸಿದವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50,000 ರೂಪಾಯಿಯಿಂದ ಎರಡು ಲಕ್ಷದವರೆಗೆ ದಂಡವಿದೆ. ಇದು ಜಾಮೀನುರಹಿತ ಅಪರಾಧವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಹಾಗೆಂದರೆ ಜಾಮೀನನ್ನು ಠಾಣೆಯಲ್ಲಿ ಹಕ್ಕಿನಿಂದ ಕೇಳುವಂತಿಲ್ಲ, ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು ಎಂದಷ್ಟೇ. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲವಾದರೆ, ವಿಶೇಷ ಕಾರಣಗಳನ್ನು ದಾಖಲಿಸಿ, ಶಿಕ್ಷೆಯನ್ನು ಆ ಕನಿಷ್ಠ ಮಿತಿಗಿಂತಲೂ ಇಳಿಸಲು ಅವಕಾಶವಿದೆ. ಮಕ್ಕಳ ಹಾಡಿನ ವಿಡಿಯೊಗೆ ಪೊಲೀಸರು ಬರುವ ಸಂಭವಕ್ಕಿಂತ ಚಾನೆಲ್ ಕಳೆದುಕೊಳ್ಳುವ ಸಂಭವವೇ ನಿಮಗೆ ಹೆಚ್ಚು. ಪೋಷಕರಿಗೆ ಅದನ್ನೇ ಹೇಳಿ.

ರೆಕಾರ್ಡಿಂಗ್_ಕೋಣೆ (ಹಾಸನ), ಉತ್ತರ:

ವಕೀಲರು ಕಾಯ್ದೆ ಹೇಳಿದ್ದಾರೆ. ನಾನು ಸ್ಟುಡಿಯೊ ನಡೆಸುವವನಾದ್ದರಿಂದ ಯೂಟ್ಯೂಬಿನ ಭಾಗವನ್ನಷ್ಟೇ ಹೇಳುತ್ತೇನೆ. ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಕ್ಲೇಮ್ ಎಂಬುದು ಕಂಟೆಂಟ್ ಐಡಿ ಎಂಬ ಯಂತ್ರ ಧ್ವನಿಯನ್ನು ಹೋಲಿಸಿ ಹಾಕುವ ಗುರುತು. ಹಕ್ಕುದಾರರು ವಿಡಿಯೊವನ್ನು ಇರಗೊಟ್ಟು ಜಾಹೀರಾತಿನ ಹಣ ತೆಗೆದುಕೊಳ್ಳಬಹುದು, ತಡೆಯಲೂಬಹುದು. ಚಾನೆಲ್ಲಿಗೆ ಅದರಿಂದ ಸಾಮಾನ್ಯವಾಗಿ ಪೆಟ್ಟಾಗದು. ಸ್ಟ್ರೈಕ್ ಮಾತ್ರ ಕಾನೂನುಬದ್ಧ ದೂರಿನ ಮೇಲೆ ಬರುತ್ತದೆ, 90 ದಿನ ಇರುತ್ತದೆ, ಆ ಅವಧಿಯೊಳಗೆ ಮೂರಾದರೆ ಚಾನೆಲ್ಲೇ ಹೋಗಬಹುದು. ವಿಡಿಯೊ ಅಳಿಸಿದರೆ ಸ್ಟ್ರೈಕ್ ಹೋಗುವುದಿಲ್ಲ. ನಿಮ್ಮ ಚಿತ್ರಗೀತೆಯ ವಿಷಯದಲ್ಲಿ ಸ್ಟ್ರೈಕಿನ ವಿರುದ್ಧ ಪ್ರತ್ಯರ್ಜಿ (ಕೌಂಟರ್ ನೋಟಿಫಿಕೇಶನ್) ಹಾಕಬೇಡಿ. ಅದರಲ್ಲಿ ನಿಮ್ಮ ನಿಜವಾದ ಹೆಸರು, ವಿಳಾಸ ಕೊಟ್ಟು ‘ಇದು ತಪ್ಪಾಗಿ ತೆಗೆಸಲಾಗಿದೆ’ ಎಂದು ಘೋಷಿಸಬೇಕಾಗುತ್ತದೆ, ಅದು ಎದುರಿನವರ ಕೈಗೇ ಹೋಗುತ್ತದೆ. ಕಂಪನಿಗೆ ವಿನಯದಿಂದ ಪತ್ರ ಬರೆದು ದೂರನ್ನು ಹಿಂದಕ್ಕೆ ಪಡೆಯುವಂತೆ ಕೇಳಿ. ಒಪ್ಪದಿದ್ದರೆ 90 ದಿನ ಸುಮ್ಮನೆ ಕಾಯುವುದೇ ಲೇಸು.

ನಿಮ್ಮ ಸ್ವಂತ ಗೀತೆಯ ಕಥೆ ಬೇರೆ. ಯೂಟ್ಯೂಬ್ ಸ್ಟುಡಿಯೊ ಪುಟದಲ್ಲಿ ಆ ಕ್ಲೇಮನ್ನು ತೆರೆದರೆ ಯಾವ ನಿಮಿಷದಿಂದ ಯಾವ ನಿಮಿಷದವರೆಗೆ ಹೊಂದಿಕೆಯಾಗಿದೆ ಎಂದು ತೋರಿಸುತ್ತದೆ. ಅಷ್ಟನ್ನೇ ಹೆಡ್‌ಫೋನ್ ಹಾಕಿಕೊಂಡು ಕೇಳಿ ನೋಡಿ. ನೀವು ಪಲ್ಲವಿಗೆ ಮುಂಚೆ ತಬಲಾ ಲೂಪ್ (ಮತ್ತೆ ಮತ್ತೆ ಮರುಕಳಿಸುವಂತೆ ಮೊದಲೇ ಮುದ್ರಿಸಿಟ್ಟ ತುಣುಕು) ಬಳಸಿದ್ದು, ಹೊಂದಿಕೆ ಆ ಜಾಗದಲ್ಲಿಯೇ ಆಗಿದ್ದರೆ ರೋಗ ಸಿಕ್ಕಿದಂತೆ: ಅದೇ ರೆಡಿಮೇಡ್ ಲೂಪನ್ನು ಇನ್ನಾರೋ ತಮ್ಮ ಹಾಡಿಗೆ ಹಾಕಿ, ವಿತರಕರ ಮೂಲಕ ಕಂಟೆಂಟ್ ಐಡಿಗೆ ಸೇರಿಸಿರುತ್ತಾರೆ. ಹೀಗೆ ಎಲ್ಲರಿಗೂ ಮಾರುವ ಲೂಪುಗಳನ್ನು ಅಲ್ಲಿ ತಮ್ಮದೆಂದು ನೋಂದಾಯಿಸುವುದು ಯೂಟ್ಯೂಬಿನ ನಿಯಮಕ್ಕೇ ವಿರುದ್ಧ. ಇದಕ್ಕೆ ಧೈರ್ಯವಾಗಿ ತಕರಾರು ಹಾಕಿ. ಉತ್ತರಿಸಲು ಅವರಿಗೆ 30 ದಿನ ಸಮಯವಿದೆ, ಸುಮ್ಮನಿದ್ದರೆ ಕ್ಲೇಮ್ ಬಿದ್ದುಹೋಗುತ್ತದೆ. ಲೂಪ್ ಕೊಂಡ ಬಿಲ್ಲು, ಅದರ ಪರವಾನಗಿಯ ಪುಟ, ಮಿಕ್ಸಿಂಗ್ ಆಗುವ ಮೊದಲಿನ ಬಿಡಿ ಟ್ರ್ಯಾಕುಗಳು, ಹಾರ್ಮೋನಿಯಂ ಇಟ್ಟುಕೊಂಡು ರಾಗ ಹುಡುಕುವಾಗ ಮೊಬೈಲಿನಲ್ಲಿ ಮಾಡಿಕೊಂಡ ರೆಕಾರ್ಡಿಂಗ್ ಇವನ್ನೆಲ್ಲ ದಿನಾಂಕ ಕೆಡದಂತೆ ಒಂದು ಕಡೆ ಇಡಿ. ನಮ್ಮ ಸ್ಟುಡಿಯೊಗೆ ಬರುವವರಲ್ಲಿ ಬಹುತೇಕರು ಕೊನೆಯ ಎಂಪಿ3 ಒಂದನ್ನು ಮಾತ್ರ ಒಯ್ಯುತ್ತಾರೆ, ಬಿಡಿ ಟ್ರ್ಯಾಕ್ ಬೇಕೇ ಎಂದರೆ ‘ಬೇಡ ಬಿಡಿ ಸಾರ್’ ಎನ್ನುತ್ತಾರೆ. ಸಾಧ್ಯವಾದರೆ ಲೂಪನ್ನೇ ಬಿಟ್ಟು ಊರಿನ ತಬಲಾ ವಾದಕರೊಬ್ಬರನ್ನು ಕರೆಸಿ ನುಡಿಸಿ.

ಹೇಮಾವತಿ_ಸ್ವರ (ಹಾಸನ):

ಇಬ್ಬರಿಗೂ ಕೃತಜ್ಞತೆಗಳು. ಈಗ ಪರಿಶೀಲಿಸಿದೆ, ಹೊಂದಿಕೆಯಾಗಿರುವುದು ತಬಲಾ ಭಾಗದಲ್ಲಿಯೇ, ತಕರಾರು ಸಲ್ಲಿಸುತ್ತಿದ್ದೇನೆ. ಎರಡು ಸಂದೇಹಗಳು ಉಳಿದಿವೆ. ತಾಲ್ಲೂಕು ಆಡಳಿತದ ರಾಜ್ಯೋತ್ಸವದಲ್ಲಿ, ಮದುವೆ ಆರತಕ್ಷತೆಗಳಲ್ಲಿ ಹಾಡುತ್ತೇವೆ. ಅದನ್ನು ಫೇಸ್‌ಬುಕ್‌ನಲ್ಲಿ ಹಾಕಬಹುದೇ? ಮತ್ತೊಂದು, ಬೆಂಗಳೂರಿನ ಆಡಿಯೊ ಕಂಪನಿಯೊಂದು ನನ್ನ ಸ್ವಂತ ಗೀತೆಗಳಿಗೆಲ್ಲ ಸೇರಿಸಿ ಒಂದೇ ಮೊತ್ತ ಕೊಡುವುದಾಗಿ ಕರಾರುಪತ್ರ ಕಳುಹಿಸಿದೆ. ‘ಈಗಿರುವ ಹಾಗೂ ಮುಂದೆ ಬರಲಿರುವ ಎಲ್ಲ ಮಾಧ್ಯಮಗಳಲ್ಲಿ, ಶಾಶ್ವತವಾಗಿ, ರಾಯಲ್ಟಿಯ ಹಕ್ಕಿಲ್ಲದೆ’ ಎಂಬ ಒಕ್ಕಣೆ ಅದರಲ್ಲಿದೆ.

ಗಿರಿಸೀಮೆ_ವಕೀಲ (ಚಿಕ್ಕಮಗಳೂರು):

ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ ಅಧಿಕೃತ ಸಮಾರಂಭ, ಧಾರ್ಮಿಕ ವಿಧಿ, ಮದುವೆ ಮತ್ತು ಅದಕ್ಕೆ ಹೊಂದಿದ ಸಂಭ್ರಮಗಳಲ್ಲಿ ಹಾಡುವುದಕ್ಕೆ 52ನೆಯ ಕಲಮು ವಿನಾಯಿತಿ ಕೊಟ್ಟಿದೆ. ಆ ವಿನಾಯಿತಿ ಸಮಾರಂಭ ನಡೆಯುವ ಹೊತ್ತಿಗೆ ಸೀಮಿತವೆಂದೇ ನಾನು ಓದುತ್ತೇನೆ. ಅದೇ ಗಾಯನವನ್ನು ವಿಡಿಯೊ ಮಾಡಿ ಜಾಲತಾಣದಲ್ಲಿ ಶಾಶ್ವತವಾಗಿ ಇಡುವುದು ಬೇರೆಯದೇ ಬಳಕೆ. ವೇದಿಕೆಯ ಮೇಲೆ ನಿಶ್ಚಿಂತೆಯಿಂದ ಹಾಡಿ. ಜಾಲತಾಣಕ್ಕೆ ಹಾಕುವಾಗ ನಿಮ್ಮದೇ ಸಂಯೋಜನೆಗಳನ್ನೂ ದಾಸರ ಪದ, ವಚನಗಳಿಗೆ ನೀವೇ ಹಾಕಿದ ಧಾಟಿಗಳನ್ನೂ ಆರಿಸಿಕೊಳ್ಳಿ. ಕರಾರಿನ ಬಗ್ಗೆ ಅನುಭವಸ್ಥರು ಹೇಳಲಿ.

ಹೇಮಾದ್ರಿ_ಗಾಯಕಿ (ಮೂಡಿಗೆರೆ):

ಅಂತಹ ಕರಾರನ್ನು ನಾನೂ ಓದಿದ್ದೇನೆ, ವಕೀಲರಿಗೆ ತೋರಿಸಿ ತಿದ್ದಿಸಿಯೂ ಇದ್ದೇನೆ. ಆಗ ಕಲಿತದ್ದನ್ನು ಬರೆಯುತ್ತೇನೆ. 2012ರ ತಿದ್ದುಪಡಿಯ ನಂತರ, ಸಾಹಿತ್ಯ ಬರೆದವರೂ ಸಂಗೀತ ಸಂಯೋಜಿಸಿದವರೂ ತಮ್ಮ ರಾಯಲ್ಟಿಯ ಸಮಪಾಲನ್ನು ಕಂಪನಿಗೆ ಬಿಟ್ಟುಕೊಡುವಂತೆಯೇ ಇಲ್ಲ. ಅದನ್ನು ವಾರಸುದಾರರಿಗೆ ಅಥವಾ ಹಕ್ಕುದಾರರ ಪರವಾಗಿ ರಾಯಲ್ಟಿ ಸಂಗ್ರಹಿಸಿ ಹಂಚುವ ಕೃತಿಸ್ವಾಮ್ಯ ಸಂಘಕ್ಕೆ ಮಾತ್ರ ವಹಿಸಿಕೊಡಬಹುದು. ಬಿಟ್ಟುಕೊಟ್ಟಿದ್ದೇನೆ ಎಂಬ ಷರತ್ತು ಬರೆದರೂ ಅದು ಅನೂರ್ಜಿತ. ಹಾಗೆಯೇ, ಕರಾರಿನ ಹೊತ್ತಿಗೆ ಬಳಕೆಯಲ್ಲಿ ಇಲ್ಲದ ಮಾಧ್ಯಮವನ್ನು ಸ್ಪಷ್ಟವಾಗಿ ಹೆಸರಿಸದೆ, ‘ಮುಂದೆ ಬರಲಿರುವ ಎಲ್ಲ’ ಎಂದು ಸಾರಾಸಗಟಾಗಿ ಬರೆದರೆ ಅದಕ್ಕೂ ಬಲವಿಲ್ಲ. ಅವಧಿ ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾಯ್ದೆಯೇ ತುಂಬಿಕೊಳ್ಳುತ್ತದೆ. ‘ಶಾಶ್ವತವಾಗಿ’ ಎಂದು ಅವರು ಒತ್ತಿ ಬರೆದಿರುವುದು ಈ ಕಾರಣಕ್ಕಾಗಿಯೇ.

ಕಾನೂನು ನಮ್ಮ ಪರವಾಗಿದೆ ಎಂದುಕೊಂಡು ಸಹಿ ಹಾಕಿಬಿಡುವುದು ಮಾತ್ರ ಜಾಣತನವಲ್ಲ. ಹಕ್ಕು ವರ್ಗಾಯಿಸಿದ ಮೇಲೆ ನಿಮ್ಮದೇ ಹಾಡನ್ನು ನಿಮ್ಮದೇ ಚಾನೆಲ್ಲಿಗೆ ಹಾಕಿದರೆ ಅದೇ ಕಂಪನಿಯ ಕ್ಲೇಮ್ ಬಂದು ಕೂರುತ್ತದೆ, ಆಗ ತಕರಾರಿಗೆ ಆಧಾರವಿರದು. ಎಲ್ಲ ಗೀತೆಗಳ ಬದಲು ಒಂದೆರಡಕ್ಕೆ ಮಾತ್ರ, ಹಕ್ಕು ವರ್ಗಾವಣೆಯ ಬದಲು ಮೂರು ವರ್ಷದ ಪರವಾನಗಿ ಎಂದು ತಿದ್ದಿಸಲು ಕೇಳಿ. ನಿಮ್ಮ ಚಾನೆಲ್ಲಿನ ವಿಳಾಸವನ್ನು ಕ್ಲೇಮಿನಿಂದ ಹೊರಗಿಡಬೇಕೆಂಬ ಸಾಲನ್ನೂ ಸೇರಿಸಿ. ಅವರಿಗೆ ಅದು ಸಣ್ಣ ಕೆಲಸ, ನಮಗೆ ದೊಡ್ಡ ನೆಮ್ಮದಿ. ನೋಂದಣಿ ಕಡ್ಡಾಯವಲ್ಲದಿದ್ದರೂ, ಸಹಿಗೆ ಮುಂಚೆ ದೆಹಲಿಯ ಕೃತಿಸ್ವಾಮ್ಯ ಕಚೇರಿಗೆ ಆನ್‌ಲೈನಿನಲ್ಲಿಯೇ ಅರ್ಜಿ ಹಾಕಿಟ್ಟರೆ ಮುಂದೆ ಪುರಾವೆಯಾಗುತ್ತದೆ. ಸಾಹಿತ್ಯಕ್ಕೂ ಸಂಯೋಜನೆಗೂ ತಲಾ 500 ರೂಪಾಯಿ, ಧ್ವನಿಮುದ್ರಣಕ್ಕೆ 2,000 ರೂಪಾಯಿ ಶುಲ್ಕವಿದೆ. ಇದಲ್ಲದೆ 1969ರಿಂದ ಇರುವ ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ) ಎಂಬ ಕೃತಿಸ್ವಾಮ್ಯ ಸಂಘದಲ್ಲಿ ಗೀತರಚನಕಾರರೂ ಸಂಯೋಜಕರೂ ಸದಸ್ಯರಾಗಬಹುದು. ನಿಮ್ಮ ಗೀತೆಗಳು ಪ್ರಕಟವಾಗಿರುವುದರಿಂದ ಅರ್ಜಿ ಹಾಕಲು ಅಡ್ಡಿಯಿರಲಾರದು. ಕಂಪನಿಯವರು ತಿದ್ದುಪಡಿಗೆ ಒಪ್ಪದೆ ‘ಇದು ಎಲ್ಲರಿಗೂ ಕೊಡುವ ಮಾಮೂಲಿ ನಮೂನೆ’ ಎಂದರೆ, ನಾನಾಗಿದ್ದರೆ ಕಾಗದವನ್ನು ಹಾಗೆಯೇ ಹಿಂದಿರುಗಿಸುತ್ತಿದ್ದೆ.