ಗ್ರೇಟ್ ಡೇನ್ ನಾಯಿಯ ಜಠರಕ್ಕೆ ಮುಂಜಾಗ್ರತೆಯ ಹೊಲಿಗೆ ಹಾಕಿಸಬೇಕೆ?

ಪ್ರಶ್ನೆ (ದಾವಣಗೆರೆಯಿಂದ): ಡಾಕ್ಟರಿಗೆ ನಮಸ್ಕಾರ. ನಮ್ಮ ಹೆಣ್ಣು ಗ್ರೇಟ್ ಡೇನ್‌ಗೆ ಈಗ 20 ತಿಂಗಳು. ಬೆದೆ ಮುಗಿದು ನಾಲ್ಕು ತಿಂಗಳಾಗಿದೆ. ಮರಿ ಹಾಕಿಸುವ ಉದ್ದೇಶ ನಮಗಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆ ವಿಚಾರಿಸಲು ಹೋದಾಗ ಇಲ್ಲಿನ ಪಶುವೈದ್ಯರು, ಅದೇ ಅರಿವಳಿಕೆಯಲ್ಲಿ ಜಠರವನ್ನೂ ಹೊಟ್ಟೆಯ ಗೋಡೆಗೆ ಸೇರಿಸಿ ಹೊಲಿದುಬಿಡೋಣ ಎಂದರು. ಚೆನ್ನಾಗಿ ಓಡಾಡಿಕೊಂಡಿರುವ ನಾಯಿಗೆ ಇಲ್ಲದ ಹೊಲಿಗೆ ಏಕೆ ಎಂದು ಮನೆಯವರೆಲ್ಲ ಹಿಂಜರಿಯುತ್ತಿದ್ದಾರೆ. ದಯವಿಟ್ಟು ತಿಳಿಸಿ.

ಉತ್ತರ: ನಮಸ್ಕಾರ. ಎರಡನ್ನೂ ಒಟ್ಟಿಗೆ ಮಾಡಿಸಿ ಎಂಬುದೇ ನನ್ನ ಸಲಹೆ. ಎದೆಗೂಡು ಆಳವಾಗಿರುವ ದೊಡ್ಡ ತಳಿಗಳಲ್ಲಿ ಗಾಳಿ ತುಂಬಿ ಉಬ್ಬಿದ ಜಠರ ತಿರುಚಿಕೊಳ್ಳುವ ಅಪಾಯ ಹೆಚ್ಚು, ಅದರಲ್ಲೂ ಗ್ರೇಟ್ ಡೇನ್‌ನಲ್ಲಿ ಬಹಳ ಹೆಚ್ಚು. ಹಾಗೆ ತಿರುಚಿಕೊಂಡರೆ ಜಠರದ ಎರಡೂ ದಾರಿಗಳು ಮುಚ್ಚಿ, ದೊಡ್ಡ ರಕ್ತನಾಳಗಳು ಒತ್ತಿಹೋಗಿ, ಹೃದಯಕ್ಕೆ ಮರಳುವ ರಕ್ತವೇ ಕಡಿಮೆಯಾಗಿ ನಾಯಿ ಕೆಲವೇ ಗಂಟೆಗಳಲ್ಲಿ ಸಾಯಬಹುದು. ನಡುರಾತ್ರಿಯಲ್ಲಿ ಎತ್ತಿಕೊಂಡು ಬಂದ ಇಂಥ ನಾಯಿಗಳನ್ನು ನಾನು ನೋಡಿದ್ದೇನೆ. ಮತ್ತೆ ಮತ್ತೆ ಓಕರಿಸುತ್ತವೆ, ನೊರೆಜೊಲ್ಲಿನ ಹೊರತು ಏನೂ ಬರುವುದಿಲ್ಲ. ಪಕ್ಕೆಲುಬಿನ ಹಿಂದೆ ಬೆರಳಿನಿಂದ ತಟ್ಟಿದರೆ ತಮಟೆಯ ಸದ್ದು. ಹೊಟ್ಟೆ ತೆರೆದಾಗ ನಸುಗೆಂಪಾಗಿರಬೇಕಾದ ಜಠರ ನೇರಳೆಗಪ್ಪಾಗಿರುತ್ತದೆ. ಆ ಹೊತ್ತಿನ ಶಸ್ತ್ರಚಿಕಿತ್ಸೆಗೂ ಈಗ ನಿಮ್ಮ ವೈದ್ಯರು ಹೇಳುತ್ತಿರುವುದಕ್ಕೂ ಅಜಗಜಾಂತರವಿದೆ.

ಈ ಹೊಲಿಗೆಯಲ್ಲಿ ಕರುಳಿನ ಕಡೆಗಿರುವ ಜಠರದ ಭಾಗವನ್ನು, ಅದರ ಹೊರಪದರವನ್ನಷ್ಟೇ ಸೀಳಿ, ಬಲಗಡೆಯ ಹೊಟ್ಟೆಯ ಗೋಡೆಗೆ ಸೇರಿಸುತ್ತೇವೆ. ಕೆಲವು ವಾರಗಳಲ್ಲಿ ಎರಡೂ ಬೆಸೆದುಕೊಳ್ಳುತ್ತವೆ. ಇದು ತಿರುಚುವಿಕೆಯನ್ನು ಬಹುಮಟ್ಟಿಗೆ ತಡೆಯುತ್ತದೆಯೇ ಹೊರತು ಉಬ್ಬರವನ್ನಲ್ಲ. ಆದ್ದರಿಂದ ದಿನದ ಆಹಾರವನ್ನು ಎರಡು ಮೂರು ಸಲ ಹಂಚಿ ಕೊಡಿ. ಹೊಟ್ಟೆ ಉಬ್ಬಿದರೆ, ಹೊಲಿಗೆ ಇದೆಯಲ್ಲ ಎಂದು ಮನೆಯಲ್ಲೇ ಕಾಯಬೇಡಿ.

ಗರ್ಭಕೋಶ, ಅಂಡಾಶಯಗಳನ್ನು ತೆಗೆಸಿದರೆ, ಬೆದೆಯ ನಂತರದ ವಾರಗಳಲ್ಲಿ ಗರ್ಭಕೋಶಕ್ಕೆ ಕೀವು ತುಂಬುವ ಭಯ ಇರುವುದಿಲ್ಲ. ದೊಡ್ಡ ತಳಿಯ ಕೆಲವು ಹೆಣ್ಣುಗಳಿಗೆ ಮುಂದೆ ನಿದ್ದೆಯಲ್ಲಿ ಮೂತ್ರ ಸೋರಬಹುದೆಂಬುದನ್ನೂ ನೀವು ತಿಳಿದಿರಬೇಕು; ಸಾಮಾನ್ಯವಾಗಿ ಅದು ಔಷಧದಿಂದ ಹತೋಟಿಗೆ ಬರುತ್ತದೆ. ಮೂಳೆಯ ಬೆಳವಣಿಗೆ ಮುಗಿದಿರುವುದರಿಂದಲೂ, ಬೆದೆಯ ಕಾಲದಲ್ಲಿ ಹೆಚ್ಚುವ ರಕ್ತಸಂಚಾರ ಈಗ ಇಳಿದಿರುವುದರಿಂದಲೂ ಸಮಯ ಸರಿಯಾಗಿದೆ.

ಮರುಪ್ರಶ್ನೆ: ತುಂಬ ಧನ್ಯವಾದಗಳು, ಡಾಕ್ಟರೇ. ಎರಡು ತಿಂಗಳ ಹಿಂದೆ ಇದಕ್ಕೆ ಉಣ್ಣೆ ಹುಳು ಕಚ್ಚಿ ಉಣ್ಣೆ ಜ್ವರ ಬಂದು 28 ದಿನ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟಿದ್ದೆವು. ಅದರಿಂದ ಈಗ ತೊಂದರೆಯಾದೀತೇ?

ಉತ್ತರ: ಹೇಳಿದ್ದು ಬಹಳ ಒಳ್ಳೆಯದಾಯಿತು. ಉಣ್ಣೆ ಜ್ವರದಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಕುಸಿಯುತ್ತವೆ, ನಾಯಿ ಮೇಲ್ನೋಟಕ್ಕೆ ಚುರುಕಾಗಿದ್ದರೂ ಅವು ಕಡಿಮೆಯೇ ಉಳಿದಿರಬಹುದು. ಶಸ್ತ್ರಚಿಕಿತ್ಸೆಗೆ ಒಂದೆರಡು ದಿನ ಮೊದಲು ರಕ್ತಪರೀಕ್ಷೆ ಮಾಡಿಸಿ. ಯಂತ್ರದ ಎಣಿಕೆ ಕಡಿಮೆ ಬಂದರೆ ಗಾಜಿನ ಪಟ್ಟಿಯ ಮೇಲೆ ರಕ್ತ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡಲು ವಿನಂತಿಸಿ, ಏಕೆಂದರೆ ಪ್ಲೇಟ್‌ಲೆಟ್‌ಗಳು ಗುಂಪುಗೂಡಿದಾಗ ಯಂತ್ರ ತಪ್ಪಾಗಿ ಎಣಿಸುತ್ತದೆ. ನಿಜವಾಗಿಯೂ ಕಡಿಮೆಯಿದ್ದರೆ ಮುಂದೂಡಿ. ಇದು ಇಂದೇ ಆಗಬೇಕಾದ ಶಸ್ತ್ರಚಿಕಿತ್ಸೆಯಲ್ಲ. ಆದ ಮೇಲೆ 10ರಿಂದ 14 ದಿನ ಹೊಲಿಗೆ ನೆಕ್ಕದಂತೆ ಕೊರಳಿಗೆ ಕೋನ್ (ಆಲಿಕೆಯಾಕಾರದ ಪಟ್ಟಿ) ಇರಲಿ, ಸೋಫಾ ಹತ್ತಲು ಬಿಡಬೇಡಿ. ವರದಿ ಬಂದ ಕೂಡಲೇ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.