ಹಾಳೆ ಬಂಡಿ ಮತ್ತು ನನ್ನ ಸೊಂಟ

ಕಳೆದ ಭಾನುವಾರ ತೀರ್ಥಹಳ್ಳಿ ಹತ್ತಿರದ ಕುಳ್ಳನ ಮನೆ ಜಗಲಿಯಲ್ಲಿ ನಾವು ನಾಲ್ಕು ಜನ ಹೈಸ್ಕೂಲ್ ಗೆಳೆಯರು ಕೂತಿದ್ದೆವು. ಕುಳ್ಳ ಈಗ ಆರಡಿ ಇದ್ದಾನೆ, ಹೆಸರು ಮಾತ್ರ ಬೆಳೆಯಲಿಲ್ಲ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಹಲಸಿನ ಹಪ್ಪಳ. ಮಾತು ಅಡಿಕೆ ರೇಟಿನಿಂದ ಶುರುವಾಗಿ ಕುಳ್ಳನ ಮಗನ ಹತ್ತಿರ ಬಂದು ನಿಂತಿತು.

"ಎರಡು ವರ್ಷ ಮೂರು ತಿಂಗಳಾಯ್ತು ಮಾರಾಯ. ಅಪ್ಪ, ಅಮ್ಮ, ಹಾಲು, ಬೌಬೌ, ಎಲ್ಲಾ ಸೇರಿ ಇಪ್ಪತ್ತು ಪದ. ಎರಡು ಪದ ಜೋಡಿಸೋದೇ ಇಲ್ಲ."

ಮೇಷ್ಟ್ರು (ನಮ್ಮ ಹಿಂದಿನ ಬೆಂಚಿನವನೇ, ಕೆಲಸ ಸಿಕ್ಕ ಮೇಲೆ ಬಹುವಚನ) ಧೈರ್ಯ ತುಂಬಿದರು. "ನಮ್ಮಣ್ಣ ನಾಲ್ಕು ವರ್ಷದ ತನಕ ಮಾತೇ ಆಡಿರ್ಲಿಲ್ಲ. ಈಗ ಮೈಕ್ ಕೊಟ್ರೆ ವಾಪಸ್ ಬರಲ್ಲ."

"ಇಂಥ ಅಣ್ಣಂದಿರ ಕಥೆ ಕೇಳಿಯೇ ಜನ ತಡ ಮಾಡೋದು," ಅಂದಳು ಡಾಕ್ಟ್ರಮ್ಮ. ಅವಳು ಡಾಕ್ಟರಲ್ಲ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ ಮಕ್ಕಳಿಗೆ ಮಾತು ಕಲಿಸುವವಳು. "ಎರಡು ವರ್ಷಕ್ಕೆ ಸುಮಾರು 50 ಪದ ಇರ್ಬೇಕು, 'ಅಮ್ಮ ಬಾ' ಥರ ಎರಡೆರಡು ಸೇರ್ಬೇಕು. ಕಿವಿ ಪರೀಕ್ಷೆ ಮಾಡಿಸಿದ್ಯಾ?"

"ಅಡುಗೆಮನೇಲಿ ಚಾಕೊಲೇಟ್ ಕವರ್ ಬಿಚ್ಚಿದ್ರೆ ಅಂಗಳಕ್ಕೆ ಕೇಳುತ್ತೆ ಇವನಿಗೆ."

"ಅದು ಪರೀಕ್ಷೆ ಅಲ್ಲ. ಬುಧವಾರ ಕರ್ಕೊಂಡು ಬಾ. ಈಗ ಆ ಟಿವಿ ಆಫ್ ಮಾಡು, ಯಾರೂ ನೋಡ್ತಿಲ್ಲ. ಅದು ಸುಮ್ನೆ ಓಡ್ತಿದ್ರೂ ಮಗು ಜೊತೆ ನೀವು ಆಡೋ ಮಾತು ಕಡಿಮೆ ಆಗುತ್ತೆ."

ಮೇಷ್ಟ್ರು ಬಿಡುತ್ತಾರೆಯೇ? ಈ ವಯಸ್ಸಿಗೆ ದಿನಕ್ಕೆ 180 ನಿಮಿಷ ಓಡಾಟ ಬೇಕು, ಸ್ಕ್ರೀನು ಒಂದು ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ ಅಂತ, ಮೊಬೈಲಿನಿಂದ ಕಣ್ಣೆತ್ತದೆ, ಓದಿ ಹೇಳಿದರು.

ಅಷ್ಟರಲ್ಲಿ ಮಳೆ ಹೊಳವಾಯಿತು. ಎಲ್ಲರೂ ಅಂಗಳಕ್ಕಿಳಿದೆವು. ಕುಳ್ಳ ಶುರುಮಾಡಿದ. "ಪುಟ್ಟಾ, ಇದೇನು? ದಾಸವಾಳ. ಏನ್ ಬಣ್ಣ? ಕೆಂಪು ಅನ್ನು. ಕೆಂ... ಪು..." ಹುಡುಗ ತುಳಸಿಕಟ್ಟೆ ಹತ್ತಿರ ಕುಕ್ಕರಗಾಲಲ್ಲಿ ಕೂತು ಬಸವನಹುಳ ನೋಡುತ್ತಿದ್ದ. ಅದು ಹೋದಲ್ಲೆಲ್ಲ ಬೆಳ್ಳಗೆ ಲೋಳೆ ಗೆರೆ.

"ಅಂಗಳಕ್ಕೆ ಬಂದ್ರೂ ಎಸ್ಸೆಸ್ಸೆಲ್ಸಿ ಪರೀಕ್ಷೆನಾ?" ಅಂದಳು ಡಾಕ್ಟ್ರಮ್ಮ. "ಅವನು ನೋಡೋದು ಹುಳ, ನೀನು ಕೇಳೋದು ಹೂವು! ಪಕ್ಕದಲ್ಲಿ ಕೂತ್ಕೋ, 'ಹುಳ ಹೋಗ್ತಿದೆ' ಅನ್ನು, ಆಮೇಲೆ ಬಾಯಿ ಮುಚ್ಚಿ ಮನಸ್ಸಲ್ಲೇ ಹತ್ತು ಎಣಿಸು."

ಕುಳ್ಳ ಹತ್ತು ಎಣಿಸುವ ಹೊತ್ತಿಗೆ ಬೆವರಿದ್ದ. ಇಷ್ಟು ಹೊತ್ತು ಅವನು ಸುಮ್ಮನಿದ್ದದ್ದನ್ನು ನಾನಂತೂ ನೋಡಿರಲಿಲ್ಲ. ಕೊನೆಗೆ ಹುಡುಗ ಬೆರಳು ಮಾಡಿ "ಉಳ" ಅಂದ. "ಹೂಂ, ಹುಳ ಹೋಗ್ತಿದೆ," ಅಂದಳು ಡಾಕ್ಟ್ರಮ್ಮ. ತಿದ್ದಲಿಲ್ಲ, ಒಂದು ಪದ ಸೇರಿಸಿ ವಾಪಸ್ ಕೊಟ್ಟಳು, ಅಷ್ಟೇ.

ಆಮೇಲೆ ನನ್ನ ಸರದಿ. ಅಡಿಕೆ ಹಾಳೆ ಮೇಲೆ ಅವನನ್ನು ಕೂರಿಸಿ ಎಳೆಯುವ ಕೆಲಸ. ಮಜಾ ಬರುತ್ತಿರುವಾಗಲೇ ನಿಲ್ಲಿಸಬೇಕಂತೆ, ಅವನೇ ಕೇಳಲಿ ಅಂತ ಕಾಯಬೇಕಂತೆ. ಮೊದಲು ಕಾಲು ಬಡಿದ, ಆಮೇಲೆ "ಎಳಿ!" ಅಂದ.

"ಸಿಕ್ತು ನೋಡು! ಒಳಗಿದ್ರೆ ಕೇಳೋದ್ರೊಳಗೆ ಎಲ್ಲಾ ಕೈಗೆ ಕೊಡ್ತೀರಿ. ಹೆಸರಷ್ಟೇ ಗೊತ್ತಿದ್ರೆ ಎರಡು ಪದ ಹೇಗೆ ಜೋಡಿಸ್ತಾನೆ? ಏರು, ಇಳಿ, ಎಳಿ, ಬಿಡು, ಇವೆಲ್ಲ ಮೈಯಲ್ಲಿ ಮಾಡ್ತಾ ಮಾಡ್ತಾನೇ..."

ಅವಳ ಮಾತು ಮುಗಿಯಲಿಲ್ಲ. ಪಾಚಿ ಮೇಲೆ ಕಾಲಿಟ್ಟಿದ್ದೆ. ಆಕಾಶ ಕಂಡಿತು, ಆಮೇಲೆ ಅಡಿಕೆ ಮರದ ತುದಿ.

ಒಂದು ಕ್ಷಣ ಎಲ್ಲ ಗಪ್‌ಚುಪ್. ಆಮೇಲೆ ಹಾಳೆ ಮೇಲಿಂದ ಸ್ಪಷ್ಟವಾಗಿ ಬಂತು: "ಮಾಮ ಬಿದ್ದ!"

ಕುಳ್ಳ ಕುಣಿದ. ಮೇಷ್ಟ್ರು ಚಪ್ಪಾಳೆ ತಟ್ಟಿದರು. "ಹೌದು, ಮಾಮ ದೊಪ್ಪಂತ ಬಿದ್ದ," ಅಂತ ಡಾಕ್ಟ್ರಮ್ಮ ಇನ್ನೊಂದು ಪದ ಸೇರಿಸಿದಳು. ನನ್ನನ್ನು ಎತ್ತಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

"ಮಾಮ ಬೀಳು," ಅಂದ ಹುಡುಗ.

ಕುಳ್ಳ ಕೈ ಮುಗಿದ. "ಇನ್ನೊಂದ್ ಸಲ ಬೀಳೋ, ನಿನ್ ದಮ್ಮಯ್ಯ."

ಸ್ನೇಹಕ್ಕಾಗಿ ಬಿದ್ದೆ. ಮೂರನೇ ಸಲ ಮಾತ್ರ ನಿಜವಾಗಿಯೂ ಜಾರಿದ್ದು.