ಓದುಗರ ಸ್ಪಂದನ: ತಮ್ಮನನ್ನು ಈಗಲೇ ಮನೆಗೆ ಕರೆತರಲೇ?

ಸಮಸ್ಯೆ: ನನ್ನ ತಮ್ಮನಿಗೆ 34 ವರ್ಷ. ಕುಡಿತ ಬಿಡಿಸಲು ಒಂದು ವರ್ಷದ ವಸತಿ ಕೇಂದ್ರಕ್ಕೆ ಸೇರಿಸಿದ್ದೇವೆ. ನಾಲ್ಕು ತಿಂಗಳಾಯಿತು. ಮುಖದಲ್ಲಿ ಕಳೆ ಬಂದಿದೆ, ಕೈ ನಡುಗುವುದು ನಿಂತಿದೆ. ಹೋದಾಗಲೆಲ್ಲ "ಅಕ್ಕಾ, ನಾನು ಸರಿಹೋಗಿದ್ದೀನಿ, ಕರ್ಕೊಂಡು ಹೋಗು" ಅಂತ ಅಳುತ್ತಾನೆ. ಅಮ್ಮನೂ ಕರೆದುಕೊಂಡು ಬಾ ಅನ್ನುತ್ತಾರೆ. ಎರಡನೇ ಹಂತ ಈಗಷ್ಟೇ ಶುರುವಾಗಿದೆ, ಬೇಡ ಅನ್ನುತ್ತಾರೆ ಕೇಂದ್ರದವರು. ಏನು ಮಾಡಲಿ?
– ಒಬ್ಬ ಅಕ್ಕ



ಅಕ್ಕಾ, ನಿಮ್ಮ ತಮ್ಮ ಸುಳ್ಳು ಹೇಳುತ್ತಿಲ್ಲ. ಅವನಿಗೆ ನಿಜಕ್ಕೂ ಸರಿಹೋದ ಹಾಗೆ ಅನ್ನಿಸುತ್ತಿದೆ. ನಾಲ್ಕನೇ ತಿಂಗಳಲ್ಲಿ ನನಗೂ ಹಾಗೇ ಅನ್ನಿಸಿತ್ತು. ನಾನೂ ಅತ್ತು ಕರೆದು ಮನೆಗೆ ಬಂದೆ. ಹತ್ತೊಂಬತ್ತನೇ ದಿನ ಕುಡಿದೆ.

ಎರಡನೇ ಸಲ ಹೋದವನು ಹದಿಮೂರು ತಿಂಗಳು ಅಲ್ಲೇ ಇದ್ದೆ. ಆಮೇಲೆ ಇಲ್ಲಿಯವರೆಗೆ ಒಂಬತ್ತು ವರ್ಷ ಕುಡಿದಿಲ್ಲ. ಮೊದಲ ವಾರ ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದರೂ ಅರ್ಧ ಎದೆ ಮೇಲೆ ಚೆಲ್ಲುತ್ತಿತ್ತು. ಅದು ಮೈ ವಿಷ ಕಕ್ಕುವ ಕಾಲ. ಆಮೇಲಿನ ಒಂದೆರಡು ತಿಂಗಳು ಬರೀ ಶಿಸ್ತು. ಹೊತ್ತಿಗೆ ಏಳು, ಹಾಸಿಗೆ ಮಡಿಸು, ಕಸ ಗುಡಿಸು, ಗುಂಪಿನಲ್ಲಿ ಕೂತು ಕೇಳಿಸಿಕೋ. ಹಾಸಿಗೆ ಮಡಿಸೋದಕ್ಕೂ ಕುಡಿತಕ್ಕೂ ಏನು ಸಂಬಂಧ ಅಂತ ಸಿಟ್ಟು ಬರುತ್ತಿತ್ತು.

ನಿಜವಾದ ಕೆಲಸ ಶುರುವಾದದ್ದು ಅದಾದ ಮೇಲೆ. ಅಲ್ಲಿಯವರೆಗೆ ಗುಂಪಿನಲ್ಲಿ ನಾನು ಹೇಳುತ್ತಿದ್ದದ್ದೆಲ್ಲ ಬೇರೆಯವರ ತಪ್ಪು. ಹೆಂಡತಿ ಹಾಗಂದಳು, ಸಾಹೇಬರು ಹೀಗಂದರು. ಐದನೇ ತಿಂಗಳಲ್ಲಿ ಒಂದು ದಿನ, ಮಗಳ ಫೀಸಿಗೆ ಇಟ್ಟಿದ್ದ ದುಡ್ಡು ತೆಗೆದದ್ದು ನಾನೇ ಅಂತ ಬಾಯಿಬಿಟ್ಟೆ. ಯಾರೂ ಬೈಯಲಿಲ್ಲ. ಪಕ್ಕದಲ್ಲಿದ್ದವರು "ನಾನೂ" ಅಂದರು, ಅಷ್ಟೇ.

ಏಳನೇ ತಿಂಗಳಲ್ಲಿ ಉಗ್ರಾಣದ ಕೀಲಿ ನನ್ನ ಕೈಗೆ ಕೊಟ್ಟರು. ಆ ರಾತ್ರಿ ಅದನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದೆ. ಎರಡು ಸಲ ಎದ್ದು ಮುಟ್ಟಿ ನೋಡಿದೆ. ಮನೆಯಲ್ಲಿ ಬೀರುವಿನ ಕೀಲಿಯನ್ನು ನನ್ನಿಂದ ಬಚ್ಚಿಡೋಕೆ ಶುರುಮಾಡಿ ಆರು ವರ್ಷ ಆಗಿತ್ತು, ಅಕ್ಕಾ. ಮೊದಲ ಸಲ ನಾಲ್ಕೇ ತಿಂಗಳಿಗೆ ಓಡಿ ಬಂದಾಗ ನನಗೆ ಈ ಕೀಲಿ ಸಿಕ್ಕಿರಲಿಲ್ಲ. ನಿಮ್ಮ ತಮ್ಮನಿಗೂ ಇನ್ನೂ ಸಿಕ್ಕಿಲ್ಲ. ಸ್ವಲ್ಪ ತಡೆಯಿರಿ.
– ಒಂಬತ್ತು ವರ್ಷದಿಂದ ಕುಡಿಯದವನು



ಎಲ್ಲರೂ ಅಲ್ಲೇ ಬಿಡಿ ಅನ್ನಬಹುದು. ಒಂದು ಮಾತು ಸೇರಿಸುತ್ತೇನೆ. ಅವನು ಯಾಕೆ ಅಳುತ್ತಾನೆ ಅಂತ ಮೊದಲು ತಿಳಿದುಕೊಳ್ಳಿ. ಸಿಬ್ಬಂದಿ ಯಾರೂ ಇಲ್ಲದ ಕಡೆ ಕೂರಿಸಿ ಕೇಳಿ. ಮೈಮೇಲೆ ಗಾಯ ಇದೆಯಾ ನೋಡಿ. ನನ್ನ ಅಣ್ಣ ಇದ್ದ ಒಂದು ಕಡೆ ಹೊಡೆಯುತ್ತಿದ್ದರು. ನಮಗೆ ಗೊತ್ತಾಗುವಷ್ಟರಲ್ಲಿ ಎರಡು ತಿಂಗಳು ಆಗಿತ್ತು. ಅಂಥದ್ದೇನಾದರೂ ಇದ್ದರೆ ಅವತ್ತೇ ಕರೆದುಕೊಂಡು ಬನ್ನಿ. ಆದರೆ ಸೀದಾ ಮನೆಗಲ್ಲ, ಬೇರೆ ಒಳ್ಳೆಯ ಕೇಂದ್ರಕ್ಕೆ.
– ಒಬ್ಬ ತಂಗಿ



ನಾನು ಇಂಥ ಕೇಂದ್ರವೊಂದರಲ್ಲಿ ಕೌನ್ಸೆಲರ್. ಹಂತಗಳು ಯಾಕಿವೆ ಅಂತ ಗೊತ್ತಾದರೆ ನಿಮಗೂ ಅಮ್ಮನಿಗೂ ನಿರ್ಧಾರ ಸುಲಭ ಆಗುತ್ತದೆ.

ಮದ್ಯ ನಿಲ್ಲಿಸಿದ ಮೊದಲ 48 ಗಂಟೆಯಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಸನ್ನಿ ಹಿಡಿಯುತ್ತದೆ, ಜೀವಕ್ಕೇ ಕುತ್ತು. ಅದಕ್ಕೇ ಮೊದಲು ವೈದ್ಯರ ಕಣ್ಗಾವಲು ಬೇಕು. ಆದರೆ ಮೈ ಸರಿಹೋದ ತಕ್ಷಣ ತಲೆ ಸರಿಹೋಗುವುದಿಲ್ಲ. ನಿದ್ದೆಗೇಡು, ಕಾರಣವಿಲ್ಲದ ಸಿಡುಕು, ಮಂಕು ತಿಂಗಳುಗಟ್ಟಲೆ ಬಂದು ಹೋಗಿ ಮಾಡುತ್ತವೆ. ಹೊರಗಿನಿಂದ ನೋಡುವವರಿಗೆ ಇದು ಕಾಣುವುದೇ ಇಲ್ಲ. 90 ದಿನಕ್ಕಿಂತ ಕಡಿಮೆ ಚಿಕಿತ್ಸೆಯಿಂದ ಹೆಚ್ಚು ಪ್ರಯೋಜನವಿಲ್ಲ ಅಂತ ಅಮೆರಿಕದ ರಾಷ್ಟ್ರೀಯ ಮಾದಕ ವ್ಯಸನ ಸಂಸ್ಥೆ ಹೇಳುತ್ತದೆ. ಅದು ಕನಿಷ್ಠ, ಗುರಿಯಲ್ಲ.

ಒಳ್ಳೆಯ ಕೇಂದ್ರವನ್ನು ಗುರುತಿಸಲು ನನ್ನದೊಂದು ಪರೀಕ್ಷೆ ಇದೆ. ವ್ಯಸನಿಗಳೇ ಒಟ್ಟಿಗೆ ಬಾಳಿ ಒಬ್ಬರನ್ನೊಬ್ಬರು ತಿದ್ದುವ ಪದ್ಧತಿಯ ಮೂಲ 1958ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಸಿನನಾನ್. ಮೊದಮೊದಲು ಎಷ್ಟೋ ಜನಕ್ಕೆ ಅದು ದಾರಿಯಾಯಿತು. ಆಮೇಲೆ ಅಲ್ಲಿ ಹೊರಗೆ ಹೋಗುವ ಹಂತವನ್ನೇ ತೆಗೆದುಹಾಕಿದರು, ಬದುಕೆಲ್ಲ ಇಲ್ಲೇ ಇರಿ ಅಂದರು. ಕೊನೆಗೆ ಅದು ಹಿಂಸೆಗೂ ಇಳಿಯಿತು. ಹಾಗಾಗಿ ನಿಮ್ಮ ಕೇಂದ್ರದವರನ್ನು ಕೇಳಿ: ಇವನು ಮೊದಲ ಸಲ ಮನೆಗೆ ಬಂದು ಹೋಗುವುದು ಯಾವಾಗ? ಹಗಲು ಕೆಲಸಕ್ಕೆ ಹೋಗಿ ರಾತ್ರಿ ಇಲ್ಲಿಗೆ ಬರುವುದು ಯಾವಾಗ? ಬಿಟ್ಟ ಮೇಲೆ ವಾರಕ್ಕೆ ಎಷ್ಟು ಸಲ ಬರಬೇಕು? ಮನೆಗೆ ಮರಳುವುದೂ ಒಂದು ಹಂತವೇ, ಅದಕ್ಕೂ ತಿಂಗಳುಗಳು ಬೇಕು. ಈ ಪ್ರಶ್ನೆಗಳಿಗೆ ನೆಟ್ಟಗೆ ಉತ್ತರ ಸಿಕ್ಕರೆ ಆ ಉತ್ತರವನ್ನು ತಮ್ಮನ ಕೈಗೂ ಬರೆದು ಕೊಡಿಸಿ. ಮುಂದೇನು ಅಂತ ಕಾಣದಿದ್ದರೆ ಯಾರಿಗಾದರೂ ಅಳು ಬರುತ್ತದೆ, ಅಲ್ವಾ?

ಇನ್ನೊಂದು. ವರ್ಷ ಮುಗಿಸಿ ಬಂದವರೂ ಜಾರುತ್ತಾರೆ. ಚಿಕಿತ್ಸೆ ಪಡೆದವರಲ್ಲಿ ಶೇ. 40ರಿಂದ 60ರಷ್ಟು ಮಂದಿ ಮತ್ತೆ ಮುಟ್ಟುತ್ತಾರೆ. ಬಿ.ಪಿ., ಅಸ್ತಮಾ ಕಾಯಿಲೆಗಳು ಮರುಕಳಿಸುವುದೂ ಹೆಚ್ಚುಕಡಿಮೆ ಇಷ್ಟೇ. ಜಾರಿದರೆ ಎಲ್ಲ ಮುಗಿಯಿತು ಅಂತ ಕೈಚೆಲ್ಲಬೇಡಿ, ಅವತ್ತೇ ಕೇಂದ್ರಕ್ಕೆ ಫೋನ್ ಮಾಡಿ.
– ಒಬ್ಬ ಕೌನ್ಸೆಲರ್



ಮಗಳೇ, ಇದನ್ನು ನಿನ್ನ ಅಮ್ಮನಿಗೆ ಓದಿ ಹೇಳು. ನಾನೂ ಒಬ್ಬ ಕುಡುಕನ ತಾಯಿ.

ಅವನು ಎಂಟನೇ ತಿಂಗಳಲ್ಲಿ ಒಂದು ದಿನದ ಮಟ್ಟಿಗೆ ಮನೆಗೆ ಬಂದಿದ್ದ. ನೀರು ಕೊಡುವ ನೆಪದಲ್ಲಿ ನಾನು ಅವನ ಮುಖದ ಹತ್ತಿರ ಬಗ್ಗಿದೆ. "ವಾಸನೆ ನೋಡ್ತಿದೀಯಾ, ಅಮ್ಮಾ?" ಅಂದ. ಸಿಟ್ಟಿಲ್ಲ, ಸುಮ್ನೆ ಕೇಳಿದ. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಎಂಟು ತಿಂಗಳಲ್ಲಿ ಅವನು ಬದಲಾಗಿದ್ದ, ನಾನು ಇದ್ದಲ್ಲೇ ಇದ್ದೆ.

ಆಮೇಲೆ ನಾನು ಕುಟುಂಬದವರ ಸಭೆಗೆ ಹೋಗೋಕೆ ಶುರುಮಾಡಿದೆ. ಆಲ್-ಅನಾನ್ ಅಂತ. ಕುಡಿತ ಬಿಟ್ಟವರ ಹೆಂಡತಿಯರೇ 1951ರಲ್ಲಿ ಕಟ್ಟಿದ್ದಂತೆ. ಅವನ ಕಚೇರಿಗೆ ಜ್ವರ ಅಂತ ಸುಳ್ಳು ಹೇಳುತ್ತಿದ್ದದ್ದು, ಸಾಲ ತೀರಿಸಿ ಮುಚ್ಚಿಡುತ್ತಿದ್ದದ್ದು, ಎಲ್ಲವನ್ನೂ ಅಲ್ಲಿ ಹೇಳಿಕೊಂಡೆ. ಕುಡಿತ ಬಿಡಿಸುವ ಮಾತ್ರೆಯನ್ನು ಅವನಿಗೆ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸೋಣ ಅಂತ ಹಿಂದೊಮ್ಮೆ ಯೋಚಿಸಿದ್ದೆ. ಅದನ್ನಂತೂ ಯಾರೂ ಮಾಡಬೇಡಿ. ಡೈಸಲ್ಫಿರಾಮ್ ಅನ್ನುವ ಆ ಮಾತ್ರೆ ಹೊಟ್ಟೆಯಲ್ಲಿರುವಾಗ ಕುಡಿದರೆ ಪ್ರಾಣವೇ ಹೋಗಬಹುದು.

ಇನ್ನು ಎಂಟು ತಿಂಗಳಿದೆ, ಮಗಳೇ. ಅಷ್ಟರಲ್ಲಿ ನಿನ್ನ ಅಮ್ಮನನ್ನು ಅಂಥ ಸಭೆಗೆ ಒಂದು ನಾಲ್ಕು ಸಲ ಕರೆದುಕೊಂಡು ಹೋಗು. ಮೊದಲ ದಿನ ಪಕ್ಕದಲ್ಲಿ ಕೂತಿರು. ನನಗೆ ಅವತ್ತು ಬಾಯೇ ಬಂದಿರಲಿಲ್ಲ.
– ಒಬ್ಬ ತಾಯಿ